ಒಂದೇ ಕಾಡಿನ ಎರಡು ಒಕ್ಕಲು

ಕಳೆದ ಚಳಿಗಾಲದ ಒಂದು ರವಿವಾರ ಬೆಳಗಿನ ಜಾವಕ್ಕೇ ಎದ್ದು, ಮನೆಮಂದಿಯೆಲ್ಲ ಬೊರಿವಲಿಯ ನ್ಯಾಷನಲ್ ಪಾರ್ಕಿಗೆ ಹೋಗಿದ್ದೆವು. ಕಾನ್ಹೇರಿಯ ದಾರಿಯ ಬದಿಯಲ್ಲಿ ಇಪ್ಪತ್ತು ಇಪ್ಪತ್ತೈದು ಚುಕ್ಕೆಯ ಜಿಂಕೆಗಳು ಮೇಯುತ್ತಿದ್ದುವು. ಅವುಗಳ ಹಿಂದೆ, ಗುಡ್ಡದ ಬುಡದ ಪೊದೆಗಳ ಮಗ್ಗುಲಲ್ಲಿ, ಎತ್ತಿನಂಥ ಮೈಕಟ್ಟಿನ ಒಂದು ಕಂದು ಮೃಗ ಕಿವಿ ನಿಮಿರಿಸಿ ನಿಂತಿತ್ತು.

"ಅಜ್ಜಾ, ಅದು ಇವುಗಳ ಅಪ್ಪನಾ?" ಎಂದಳು ಮೊಮ್ಮಗಳು.

ನಾವು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ನಡೆಯುತ್ತಿದ್ದ ಹಿರಿಯರೊಬ್ಬರು, "ಹೌದು ಮಗೂ, ವಯಸ್ಸಾದ ಮೇಲೆ ಚುಕ್ಕೆ ಮಾಸಿಹೋಗುತ್ತದೆ" ಎಂದು ಉತ್ತರ ಕೊಟ್ಟೇಬಿಟ್ಟರು. ಅಷ್ಟರಲ್ಲಿ ಕಂದು ಮೃಗ ಪೊದೆಯೊಳಗೆ ಕರಗಿಹೋಯಿತು. ಹಿರಿಯರ ಮಾತನ್ನು ಮಗುವಿನೆದುರು ತಿದ್ದುವುದು ಸರಿಯಲ್ಲವೆಂದು ನಾವು ಸುಮ್ಮನಾದೆವು. ಆದರೆ ಆ ತಪ್ಪು ತಿಳಿವಳಿಕೆ ಒಬ್ಬರದಲ್ಲ. ವರ್ಷಾನುಗಟ್ಟಲೆ ಇದೇ ಕಾಡಿನ ಮಗ್ಗುಲಲ್ಲಿ ಸಂಸಾರ ಹೂಡಿದ ನಮ್ಮಲ್ಲಿ ಎಷ್ಟೋ ಮಂದಿ ಹಾಗೆಯೇ ನಂಬಿರುವರು.

ಆ ಮೃಗ ಜಿಂಕೆಗಳ ಅಪ್ಪನೂ ಅಲ್ಲ, ದೊಡ್ಡಪ್ಪನೂ ಅಲ್ಲ, ಅದು ಕಡವೆ. ಮರಾಠಿಯವರು ಅದನ್ನು ಸಾಂಬರವೆಂದೂ ಚುಕ್ಕೆಯದನ್ನು ಚಿತಳವೆಂದೂ ಕರೆಯುವರು. ಚುಕ್ಕೆಯದಕ್ಕೆ ನಮ್ಮಲ್ಲಿ ಸಾರಗವೆಂಬ ಹಳೆಯ ಹೆಸರುಂಟು. ಈಗಿನವರ ಬಾಯಲ್ಲಿ ಎಲ್ಲವೂ ಜಿಂಕೆಯೇ. ಸಾರಗಕ್ಕೆ ಹುಟ್ಟುವಾಗಲೂ ಚುಕ್ಕೆ, ಮುದಿಯಾಗಿ ಸಾಯುವಾಗಲೂ ಚುಕ್ಕೆ. ಗಂಡು ಸಾರಗ 80 ಕಿಲೋದ ಆಸುಪಾಸು ತೂಗಿದರೆ, ಬಲಿತ ಗಂಡು ಕಡವೆ 200 ಕಿಲೋ ದಾಟುವುದುಂಟು. ಎರಡರಲ್ಲೂ ಕೊಂಬು ಗಂಡಿಗೆ ಮಾತ್ರ. ಅದು ಎಮ್ಮೆಯ ಕೊಂಬಿನಂತೆ ಜೀವಮಾನದ ಸೊತ್ತಲ್ಲ. ಬಿದ್ದು ಮತ್ತೆ ಬೆಳೆಯುವ ಎಲುಬು. ಇದೇ ಕಾಡಿನಲ್ಲಿ ನಾಯಿಯಂತೆ ಬೊಗಳುವ ಕಾಡುಕುರಿಯೂ, ಕರಾವಳಿಯ ನಮ್ಮವರು ಬರಿಂಕವೆನ್ನುವ ಮೊಲದಷ್ಟರ ಪ್ರಾಣಿಯೂ ಉಂಟು. ಅವುಗಳ ಕತೆ ಇನ್ನೊಮ್ಮೆ.

ಈ ಕಾಡು ಸುಮಾರು 100 ಚದರ ಕಿಲೋಮೀಟರಿನದು. 1974ರಲ್ಲಿ ಬೊರಿವಲಿ ರಾಷ್ಟ್ರೀಯ ಉದ್ಯಾನವೆನಿಸಿ, ಮುಂದೆ ಸಂಜಯ ಗಾಂಧಿಯವರ ಹೆಸರು ಹೊತ್ತಿತು. ಮುಂಬಯಿಗೆ ಮೊದಲು ನಲ್ಲಿನೀರು ಕೊಟ್ಟ, 1860ರ ವಿಹಾರ ಕೆರೆಯೂ ತುಳಸಿ ಕೆರೆಯೂ ಇದರ ಮಡಿಲಲ್ಲೇ ಇವೆ. ಕಾನ್ಹೇರಿ ಎಂಬುದು ಕೃಷ್ಣಗಿರಿ ಎಂಬುದರ ತದ್ಭವ. ಅಲ್ಲಿಯ ನೂರಕ್ಕೂ ಮಿಕ್ಕ ಗುಹೆಗಳಲ್ಲಿ ಒಂಬತ್ತನೆಯ ಶತಮಾನದ ಶಾಸನಗಳಿವೆ. ಕೊಂಕಣವನ್ನಾಳಿದ ಶಿಲಾಹಾರರ ಒಡೆಯನೆಂದು ಅವು ಹೆಸರಿಸುವುದು ನಮ್ಮ ಅಮೋಘವರ್ಷ ನೃಪತುಂಗನನ್ನು. ಕನ್ನಡಿಗರು ಈ ಗುಡ್ಡಕ್ಕೆ ತೀರ ಹೊಸಬರೇನಲ್ಲ! ಇರಲಿ, ದಾರಿ ತಪ್ಪಿದೆವು.

ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದರೆ ನೀರಿಗೂ ಅಂಗಳಕ್ಕೂ ಜಗಳ ತಪ್ಪದು. ಹಿಂದೆ ಚಾಳಿನಲ್ಲಿ ಬಾಳಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಹಾಗಿರುವಾಗ ಹುಲ್ಲು ಸೊಪ್ಪು ತಿನ್ನುವ ಈ ಎರಡು ಒಕ್ಕಲು ಒಂದೇ ಕಾಡಿನಲ್ಲಿ ಹೇಗೆ ಬಾಳುವುವು? ಹೊಡೆದಾಡಿ ಅಲ್ಲ, ಪಾಲು ಮಾಡಿಕೊಂಡು. ಸಾರಗಕ್ಕೆ ಬಯಲು ಬೇಕು, ಎಳೆಹುಲ್ಲು ಬೇಕು, ನೀರು ಸಮೀಪದಲ್ಲಿರಬೇಕು. ಅದು ಹಿಂಡಿನ ಪ್ರಾಣಿ. ಹತ್ತು ಜೊತೆ ಕಣ್ಣುಗಳೇ ಅದರ ಕಾವಲು. ಬೆಳಗು ಸಂಜೆಗಳಲ್ಲಿ ಬೆಳಕಿದ್ದಾಗಲೇ ಬಹಳ ಮಟ್ಟಿಗೆ ಮೇಯುವುದು. ಕಡವೆಗೆ ಬೇಕಾದುದು ಗುಡ್ಡದ ಓರೆ, ದಟ್ಟ ಪೊದೆ, ಮೌನ. ಹುಲ್ಲೂ ತಿನ್ನುವುದು, ಆದರೆ ಎಲೆ, ಚಿಗುರು, ಉದುರಿದ ಕಾಯಿಗಳ ಮೇಲೆ ಹೆಚ್ಚು ಕಣ್ಣು. ಒಂಟಿಯಾಗಿಯೋ, ತಾಯಿ ಮರಿ ಜೊತೆಯಾಗಿಯೋ ಇರುವುದು. ಹಗಲೆಲ್ಲ ನೆರಳಿನಲ್ಲಿ ಮಲಗಿದ್ದು ಕತ್ತಲಾದ ಮೇಲೆ ಕೆಳಗಿಳಿಯುವುದು. ನಮ್ಮ ಮೊಮ್ಮಗಳು ಕಂಡದ್ದು ಪ್ರಾಯಃ ರಾತ್ರಿಪಾಳಿ ಮುಗಿಸಿ ಮನೆಗೆ ಹೊರಟಿದ್ದ ಕಡವೆಯನ್ನು, ಹಗಲುಪಾಳಿಗೆ ಬಂದಿದ್ದ ಸಾರಗಗಳನ್ನು.

ಮದುವೆಯ ಮುಹೂರ್ತಗಳೂ ಬೇರೆಯೇ. ಗಂಡು ಸಾರಗ ಏಪ್ರಿಲ್ ಮೇ ಬಿಸಿಲಿನಲ್ಲಿ ಕೊಂಬು ಮೆರೆಸುತ್ತ ಅಬ್ಬರಿಸುವ ಹೊತ್ತಿಗೆ ಗಂಡು ಕಡವೆ ಕೊಂಬು ಉದುರಿಸಿಕೊಂಡು ಬೋಳುತಲೆಯಲ್ಲಿ ಮರೆಯಾಗಿರುವುದು; ಅದರ ಸಡಗರ ನವೆಂಬರ್ ಡಿಸೆಂಬರಿನ ಚಳಿಯಲ್ಲಿ. ಶತ್ರುವನ್ನು ಕಂಡಾಗ ಸಾರಗ ಕೀಚಲುದನಿಯಲ್ಲಿ ಕೂಗಿದರೆ, ಕಡವೆ ಕಾಲಿನಿಂದ ನೆಲ ಬಡಿದು, ತಗಡಿನ ಡಬ್ಬಕ್ಕೆ ಹೊಡೆದಂತೆ 'ಢಾಂಕ್' ಎನ್ನುವುದು. ಸಾರಗದ ಕೂಗಿಗಿಂತ ಕಡವೆಯದನ್ನೇ ಕಾಡು ಬಲ್ಲವರು ಹೆಚ್ಚು ನೆಚ್ಚುವರು; ಅದು ಸುಮ್ಮಸುಮ್ಮನೆ ಕೂಗುವ ಪ್ರಾಣಿಯಲ್ಲವಂತೆ.

ಈ ಪಾಲುಪಟ್ಟಿಗೆ ನಿಜವಾದ ಪರೀಕ್ಷೆ ಬೇಸಗೆಯಲ್ಲಿ. ಮಳೆಗಾಲದಲ್ಲಿ ಎಲ್ಲೆಲ್ಲೂ ಹುಲ್ಲು, ಎಲ್ಲೆಲ್ಲೂ ನೀರು. ಯಾರಿಗೂ ಯಾರ ಹಂಗೂ ಇಲ್ಲ. ಮಾರ್ಚ್ ಕಳೆಯಿತೆಂದರೆ ಹುಲ್ಲು ಒಣಗಿ, ಸಾರಗವೂ ಉದುರಿದ ಎಲೆ ಹೂಗಳಿಗೆ ಬಾಯಿ ಹಾಕುವುದು; ತೊರೆಗಳು ಬತ್ತಿ, ಎರಡು ಒಕ್ಕಲೂ ಉಳಿದ ನಾಲ್ಕಾರು ನೀರಿನ ಕಡೆಗೇ ಬರಬೇಕು. ಆಗ ಅವನ್ನು ಬೇರೆಯಾಗಿಡುವುದು ಹೊತ್ತು ಒಂದೇ: ಒಂದಕ್ಕೆ ಹಗಲು, ಇನ್ನೊಂದಕ್ಕೆ ಇರುಳು.

ಈ ಏರ್ಪಾಡು ನಮ್ಮ ದೇಶದ್ದು ಮಾತ್ರವಲ್ಲ. ನಮ್ಮ ಎಷ್ಟೋ ಮನೆಗಳ ಮಕ್ಕಳು ಅಮೆರಿಕೆಯಲ್ಲಿರುವರು. ಕೊಲರಾಡೋ, ಮೊಂಟಾನಾ ಕಡೆ ಇರುವವರು ಅಲ್ಲಿಯ ಎರಡು ಜಿಂಕೆಗಳನ್ನು ಕಂಡಿರಬಹುದು. ಬಿಳಿಬಾಲದ ಜಿಂಕೆ ಹೊಳೆಯಂಚಿನ ಪೊದೆಗಳದು. ಬೆದರಿದರೆ ಬಾಲವನ್ನು ಬಾವುಟದಂತೆ ಎತ್ತಿ ಓಡುವುದು. ಹೇಸರಗತ್ತೆಯ ಕಿವಿಯುಳ್ಳ ಇನ್ನೊಂದು ಒರಟು ಬೆಟ್ಟಗಳದು. ನಾಲ್ಕು ಕಾಲೂ ಒಟ್ಟಿಗೆ ನೆಲ ಬಿಟ್ಟು ಪುಟಿಯುತ್ತ ಏರಿಹೋಗುವುದು. ಅವೆರಡೂ ಒಂದೇ ಕುಲದ ದಾಯಾದಿಗಳು, ಅಪರೂಪಕ್ಕೆ ಬೆರಕೆಯೂ ಆಗುವುದುಂಟು. ನಮ್ಮ ಸಾರಗ ಕಡವೆಗಳ ನಂಟು ಅಷ್ಟು ಹತ್ತಿರದ್ದಲ್ಲ.

ಜಾರ್ಜ್ ಶಾಲರ್ ಎಂಬ ವಿಜ್ಞಾನಿ ಮಧ್ಯಪ್ರದೇಶದ ಕಾನ್ಹಾದಲ್ಲಿ ಕುಳಿತು ಈ ಮೃಗಗಳ ದಿನಚರಿ ಬರೆದು 1967ರಲ್ಲಿ ಗ್ರಂಥವಾಗಿ ಹೊರತಂದರು. ಅನಂತರ ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು, ಶಿವರಾಮ ಕಾರಂತರ ಮಗ, ಮೆಲ್ ಸನ್‌ಕ್ವಿಸ್ಟ್ ಅವರೊಡಗೂಡಿ ಎಣಿಕೆ ನಡೆಸಿದರು. 1992ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ ಅಲ್ಲಿ ಚದರ ಕಿಲೋಮೀಟರಿಗೆ ಸಾರಗ ಸುಮಾರು 50, ಕಡವೆ 5ರ ಮೇಲೆ ಸ್ವಲ್ಪ. ಅಂಥ ಸಮೃದ್ಧ ಕಾಡಿನಲ್ಲೇ ಹತ್ತಕ್ಕೆ ಒಂದು! ಹುಲಿ ಹೆಚ್ಚಾಗಿ ಕಡವೆ, ಕಾಟಿಗಳಂಥ ದೊಡ್ಡ ಬೇಟೆಗೆ ಕೈಹಾಕುವುದೆಂದೂ ಚಿರತೆ ಅದಕ್ಕಿಂತ ಕಿರಿದಾದುದನ್ನು ಹಿಡಿಯುವುದೆಂದೂ ಅವರೇ ತೋರಿಸಿದರು. ನಮ್ಮ ಬೊರಿವಲಿಯ ಕಾಡಿನಲ್ಲಿ ಸ್ವತಂತ್ರವಾಗಿ ತಿರುಗುವ ಹುಲಿಯಿಲ್ಲ, ಬೇಟೆಗಾರನೆಂದರೆ ಚಿರತೆ. 2015ರ ಕ್ಯಾಮರಾ ಎಣಿಕೆಯಲ್ಲಿ 35 ಚಿರತೆಗಳು ಕಂಡಿದ್ದುವು. ಬಲಿತ ಗಂಡು ಕಡವೆ ಚಿರತೆಗೆ ಸುಲಭದ ತುತ್ತಲ್ಲ.

ಹಾಗಾದರೆ ಕಡವೆ ಇಲ್ಲಿ ನಿಶ್ಚಿಂತವೆ? ನಮಗೆ ಹಾಗೆ ತೋರುವುದಿಲ್ಲ. ಸಾರಗ ಹೊಂದಿಕೊಳ್ಳುವ ಪ್ರಾಣಿ. ರಸ್ತೆಯಂಚಿನ ಹುಲ್ಲು, ಜನರ ಓಡಾಟ, ಎಲ್ಲವನ್ನೂ ಸಹಿಸಿ ಮೇಯುವುದು. ಕಡವೆಗೆ ಬೇಕಾದ ಇರುಳೂ ಮೌನವೂ ಈ ಊರಿನಲ್ಲಿ ದಿನೇ ದಿನೇ ತುಟ್ಟಿಯಾಗುತ್ತಿವೆ. ಅಂಚಿನ ಕಟ್ಟಡಗಳ ದೀಪ, ಧ್ವನಿವರ್ಧಕ, ಬೇಸಗೆಯ ಬೆಂಕಿ, ಹಿಂಡು ಕಟ್ಟಿ ಒಳನುಗ್ಗುವ ಬೀದಿನಾಯಿ, ಇವು ಮೊದಲು ಕಸಿಯುವುದು ರಾತ್ರಿಪಾಳಿಯವನ ಪಾಲನ್ನು. ಬೇರೆ ಕಾಡಿಗೆ ಹೋಗೋಣವೆಂದರೆ ಉತ್ತರಕ್ಕೆ ಘೋಡಬಂದರ ರಸ್ತೆ, ಅದರಾಚೆ ವಸಾಯಿ ಖಾರಿ. 2009ರಲ್ಲಿ ಕೊರಳಪಟ್ಟಿ ಕಟ್ಟಿ ಮಾಳಶೇಜ ಘಾಟಿನಲ್ಲಿ ಬಿಟ್ಟ 'ಆಜೋಬಾ' ಎಂಬ ಚಿರತೆ 120 ಕಿಲೋಮೀಟರು ನಡೆದು ಈ ಕಾಡು ಸೇರಿತ್ತು. 2011ರಲ್ಲಿ ಹೆದ್ದಾರಿಯಲ್ಲಿ ವಾಹನ ಬಡಿದು ಸತ್ತಿತು. ಚಿರತೆಯ ಪಾಡೇ ಹೀಗಾದರೆ ಪುಕ್ಕಲು ಕಡವೆಯದೇನು? 2024ರ ಜುಲೈಯಲ್ಲಿ ಠಾಣೆ ಬೊರಿವಲಿ ಜೋಡಿ ಸುರಂಗಕ್ಕೆ ಶಂಕುಸ್ಥಾಪನೆಯಾಯಿತು. ಕಾಡಿನ ಮೇಲೆ ರಸ್ತೆ ಎಳೆಯುವುದಕ್ಕಿಂತ ಅಡಿಯಲ್ಲಿ ಕೊರೆಯುವುದು ಮೇಲೆಂದು ನಾವೂ ಒಪ್ಪುವೆವು. ಆದರೆ ಸುರಂಗಕ್ಕೂ ಎರಡು ಬಾಯಿಗಳುಂಟು, ಅವು ತೆರೆಯುವುದು ಕಾಡಿನ ಅಂಚಿನಲ್ಲೇ.

ಪ್ರಪಂಚದ ಪಟ್ಟಿಯಲ್ಲೂ ಇದೇ ತರತಮ. ಸಾರಗಕ್ಕೆ ಸದ್ಯ ಭಯವಿಲ್ಲವೆಂದು ಬರೆದಿದೆ. ಕಡವೆಯನ್ನು 2008ರಲ್ಲೇ ಅಪಾಯದಂಚಿನ ಪಟ್ಟಿಗೆ ಸೇರಿಸಿದರು. ನಮ್ಮ ಭಯ ಇಷ್ಟೇ: ದಾರಿಯ ಬದಿಯಲ್ಲಿ ಇಪ್ಪತ್ತು ಸಾರಗ ಕಂಡವನು ಕಾಡು ತುಂಬಿದೆಯೆಂದು ಹಿಗ್ಗುವನು. ಗುಡ್ಡದ ಮೇಲಿನ ಒಕ್ಕಲು ಎದ್ದುಹೋದರೂ ಅವನಿಗೆ ತಿಳಿಯದು. ಅದು ಇದ್ದಾಗಲೂ ಕಂಡಿರಲಿಲ್ಲವಲ್ಲ! ಕಡವೆಯನ್ನು ಜಿಂಕೆಯ ಅಪ್ಪನೆಂದುಕೊಂಡವರಿಗಂತೂ ಕಳೆದುಕೊಂಡದ್ದೇನೆಂಬುದೇ ಗೊತ್ತಾಗದು.

ಇದನ್ನೆಲ್ಲ ಮೊಮ್ಮಗಳಿಗೆ ಕಂತುಕಂತಾಗಿ ಹೇಳಿ, ಹೋಳಿ ಕಳೆದ ಮೇಲೆ ಮತ್ತೊಮ್ಮೆ ಕರೆದೊಯ್ದೆವು. ಈ ಸಲ ಸಂಜೆ. ಕಡವೆ ಕಾಣಲಿಲ್ಲ. ಹೊತ್ತಾಯಿತೆಂದು ಕಾವಲಿನವನು ಸೀಟಿ ಊದಿ ಎಲ್ಲರನ್ನೂ ಬಾಗಿಲಿನ ಕಡೆ ಕಳಿಸುತ್ತಿದ್ದ; ಬೇಲಿಯಾಚೆ ಬೊರಿವಲಿಯ ದೀಪಗಳು ಹೊತ್ತಿಕೊಂಡಿದ್ದುವು. ಅಷ್ಟರಲ್ಲಿ ಗುಡ್ಡದ ಕಡೆಯಿಂದ ಡಬ್ಬ ಬಡಿದಂತೆ ಒಂದು ಸದ್ದು ಬಂತು. ತುಸು ತಡೆದು ಇನ್ನೊಂದು. ಮುಂದೆ ಹೋಗುತ್ತಿದ್ದ ಹುಡುಗರು ಏನೆಂದು ತಿರುಗಿ ನೋಡಿದರು.

"ಕಡವೆ" ಎಂದಳು ನಮ್ಮವಳು, "ಅದಕ್ಕೆ ಈಗ ಬೆಳಗಾಯಿತು."