ಸೂಕ್ತ ಲೂಬ್ರಿಕೆಂಟ್ (ಜಾರಕ ಜೆಲ್) ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

ಲೈಂಗಿಕ ಕ್ರಿಯೆಯಲ್ಲಿ ಘರ್ಷಣೆಯನ್ನು ಕಡಿಮೆ ಮಾಡಲು ಬಳಸುವ ಜೆಲ್ ಅಥವಾ ದ್ರವಕ್ಕೆ ಲೂಬ್ರಿಕೆಂಟ್ ಎನ್ನುತ್ತಾರೆ. ಸಾಕಷ್ಟು ತೇವವಿಲ್ಲದಿದ್ದಲ್ಲಿ ನೋವುಂಟಾಗುತ್ತದೆ; ಕಾಂಡೋಮ್ ಹರಿಯಬಹುದು. ಲೋಳೆಪೊರೆಯಲ್ಲಿ ಕಣ್ಣಿಗೆ ಕಾಣದ ಗಾಯಗಳಾಗಿ ಎಚ್.ಐ.ವಿ. ಹಾಗೂ ಇತರ ಲೈಂಗಿಕ ಸೋಂಕುಗಳು ತಗಲುವ ಸಾಧ್ಯತೆಯೂ ಹೆಚ್ಚುತ್ತದೆ.

ವಿಧಗಳು

1. ನೀರು ಮೂಲದವು: ಎಲ್ಲ ಬಗೆಯ ಕಾಂಡೋಮ್‌ಗಳೊಂದಿಗೆ ಸುರಕ್ಷಿತ. ನೀರಿನಿಂದ ಸುಲಭವಾಗಿ ತೊಳೆಯಬಹುದು. ಬೇಗ ಒಣಗುವುದರಿಂದ ಮತ್ತೆ ಹಚ್ಚಬೇಕಾಗಬಹುದು.

2. ಸಿಲಿಕೋನ್ ಮೂಲದವು: ಲ್ಯಾಟೆಕ್ಸ್ ಕಾಂಡೋಮ್‌ಗೆ ಹಾನಿಯಿಲ್ಲ. ಹೆಚ್ಚು ಹೊತ್ತು ಉಳಿಯುತ್ತವೆ. ತೊಳೆಯಲು ಸಾಬೂನು ಅಗತ್ಯ.

3. ಎಣ್ಣೆ ಮೂಲದವು: ಕೊಬ್ಬರಿ ಎಣ್ಣೆ, ಬೆಣ್ಣೆ, ವ್ಯಾಸಲೀನ್, ಬೇಬಿ ಆಯಿಲ್ ಮುಂತಾದವು ಲ್ಯಾಟೆಕ್ಸನ್ನು ದುರ್ಬಲಗೊಳಿಸುತ್ತವೆ. ಕಾಂಡೋಮ್ ಜೊತೆ ಇವುಗಳನ್ನು ಬಳಸಕೂಡದು.

ಸಂದರ್ಭಕ್ಕೆ ತಕ್ಕ ಆಯ್ಕೆ

ಯೋನಿ ಸಂಭೋಗ: ಋತುಬಂಧದ ನಂತರ ಹಾಗೂ ಎದೆಹಾಲುಣಿಸುವ ಅವಧಿಯಲ್ಲಿ ಶುಷ್ಕತೆ ಸಾಮಾನ್ಯ; ಇದು ನಾಚಿಕೆಪಡುವ ವಿಷಯವಲ್ಲ. ಸುಗಂಧರಹಿತವಾದ, ಪಿ.ಎಚ್. ಸುಮಾರು 4.5 ಇರುವ ನೀರು ಮೂಲದ ಜೆಲ್ ಸೂಕ್ತ. ಶುಷ್ಕತೆ ಮುಂದುವರಿದಲ್ಲಿ ವೈದ್ಯರನ್ನು ಕಾಣತಕ್ಕದ್ದು.

ಗುದ ಸಂಭೋಗ: ಗುದದ್ವಾರದಲ್ಲಿ ಯೋನಿಯಂತೆ ಸಹಜ ತೇವ ಉಂಟಾಗುವುದಿಲ್ಲ, ಒಳಪೊರೆಯೂ ತೆಳುವಾಗಿರುತ್ತದೆ. ಆದ್ದರಿಂದ ಕಾಂಡೋಮ್ ಜೊತೆಗೆ ನೀರು ಅಥವಾ ಸಿಲಿಕೋನ್ ಮೂಲದ ಲೂಬ್ರಿಕೆಂಟನ್ನು ಧಾರಾಳವಾಗಿ ಬಳಸುವುದು ಅವಶ್ಯ. ನೀರು ಮೂಲದ್ದಾದರೆ ಪಿ.ಎಚ್. 5.5ರಿಂದ 7ರವರೆಗೆ ಇರುವುದು ಒಳ್ಳೆಯದು.

ಗರ್ಭಧಾರಣೆ ಬಯಸುವವರು: ಹಲವು ಲೂಬ್ರಿಕೆಂಟ್‌ಗಳು ವೀರ್ಯಾಣುಗಳ ಚಲನೆಯನ್ನು ಕುಂದಿಸುತ್ತವೆ. ವೈದ್ಯರ ಸಲಹೆ ಪಡೆದು ಆರಿಸಿಕೊಳ್ಳಬೇಕು.

ವಿಶೇಷ ಸೂಚನೆಗಳು

* ಎಂಜಲು ಲೂಬ್ರಿಕೆಂಟ್‌ಗೆ ಬದಲಿಯಲ್ಲ.
* ನಾನಾಕ್ಸಿನಾಲ್-9 ಇರುವ ಉತ್ಪನ್ನ ಬೇಡ. ಪದೇಪದೇ ಬಳಸಿದಲ್ಲಿ ಅದು ಲೋಳೆಪೊರೆಗೆ ಹಾನಿಮಾಡಿ ಎಚ್.ಐ.ವಿ. ಅಪಾಯವನ್ನು ಹೆಚ್ಚಿಸುತ್ತದೆ.
* ಮರಗಟ್ಟಿಸುವ ಜೆಲ್‌ಗಳು ನೋವನ್ನು ಮರೆಮಾಚುವುದರಿಂದ ಗಾಯವಾದದ್ದು ತಿಳಿಯುವುದಿಲ್ಲ, ಅವನ್ನು ಬಳಸದಿರಿ.
* ಉರಿ ಅಥವಾ ತುರಿಕೆ ಕಂಡುಬಂದಲ್ಲಿ ಬಳಕೆಯನ್ನು ಕೂಡಲೇ ನಿಲ್ಲಿಸಬೇಕು.
* ಲೂಬ್ರಿಕೆಂಟ್ ಮಾತ್ರದಿಂದ ಸೋಂಕು ಅಥವಾ ಗರ್ಭಧಾರಣೆಯನ್ನು ತಡೆಯಲಾಗದು. ಕಾಂಡೋಮ್ ಬಳಕೆ ಕಡ್ಡಾಯವಾಗಿರಲಿ.

ಎಲ್ಲಿ ಪಡೆಯಬಹುದು?

ಲೂಬ್ರಿಕೆಂಟ್‌ಗಳು ಔಷಧಿ ಅಂಗಡಿಗಳಲ್ಲಿ ವೈದ್ಯರ ಚೀಟಿಯಿಲ್ಲದೆ ದೊರೆಯುತ್ತವೆ. ಸರ್ಕಾರಿ ಆಸ್ಪತ್ರೆಗಳ ಐ.ಸಿ.ಟಿ.ಸಿ. ಕೇಂದ್ರಗಳಲ್ಲಿ ಆಪ್ತ ಸಮಾಲೋಚನೆ ಹಾಗೂ ಎಚ್.ಐ.ವಿ. ಪರೀಕ್ಷೆ ಉಚಿತ. 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆಯ ಮೇರೆಗೆ ಪರೀಕ್ಷೆಗೆ ವ್ಯಕ್ತಿಯ ಸಮ್ಮತಿ ಅಗತ್ಯ, ಫಲಿತಾಂಶವನ್ನು ಗೋಪ್ಯವಾಗಿಡಲಾಗುತ್ತದೆ. ಹೆಚ್ಚಿನ ಮಾಹಿತಿಗೆ ಉಚಿತ ಸಹಾಯವಾಣಿ 1097ಕ್ಕೆ ಕರೆ ಮಾಡಬಹುದು.