ಕುದಿಸಿದ ನೀರು, ಮಂಕಾಗುವ ಬೆಳಕು

ಕಾಮರ್ಸ್ ಓದುವವನಿಗೆ ನೀರಿನ ವಿಷದ ಉಸಾಬರಿ ಏಕೆ ಅಂತ ಗೆಳೆಯರು ಕೇಳಬಹುದು. ಕಾರಣ ನಮ್ಮ ಮನೆಯಲ್ಲೇ ಇದೆ. ಬೇಸಿಗೆಯಲ್ಲಿ ನಮ್ಮ ಚಾಳಿಗೆ ಟ್ಯಾಂಕರ್ ನೀರು. ಅವ್ವ ಅದನ್ನು ಸೋಸಿ, ಕುದಿಸಿ, "ಇನ್ನ ಚಿಂತಿಲ್ಲ, ಕುಡೀರಿ" ಅಂತಾಳೆ. ಕುದಿಸಿದರೆ ರೋಗಾಣು ಸಾಯುತ್ತವೆ, ನಿಜ. ಸೀಸ, ಕ್ಯಾಡ್ಮಿಯಂ ಹೋಗೋದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಪಾಲು ಹೆಚ್ಚುತ್ತದೆ. ಕಣ್ಣಿಗೂ ನಾಲಿಗೆಗೂ ಗೊತ್ತಾಗದು.

ಭಾರತೀಯ ಮಾನಕ ಬ್ಯೂರೋ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಸೀಸ 0.01 ಮಿಲಿಗ್ರಾಂ, ಪಾದರಸ 0.001 ಮಿಲಿಗ್ರಾಂ ಮೀರಬಾರದು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ನೂರು ಕೋಟಿಯ ಖಾತೆಯಲ್ಲಿ ಪಾದರಸದ್ದು ಒಂದೇ ರೂಪಾಯಿ! ಅದನ್ನು ಹಿಡಿಯೋದು ಹೇಗೆ?

ಇಲ್ಲಿ ಪ್ರೋಟೀನು ಗುಮಾಸ್ತನ ಕೆಲಸ ಮಾಡುತ್ತದೆ. ಕನ್ನಡ ಶಾಲೆಯಲ್ಲಿ ಸಸಾರಜನಕ ಅಂತ ಕಲಿತೆವಲ್ಲ, ಅದೇ. ಅನೇಕ ಪ್ರೋಟೀನುಗಳಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲವಿದೆ. ಅದು 280 ನ್ಯಾನೊಮೀಟರಿನ ನೇರಳಾತೀತ ಬೆಳಕನ್ನು ಹೀರಿ, ಸುಮಾರು 350 ನ್ಯಾನೊಮೀಟರಿನ ಬೆಳಕನ್ನು ಹೊರಬಿಡುತ್ತದೆ. ಇದೇ ಪ್ರತಿದೀಪ್ತಿ. ಸಿಸ್ಟೀನ್ ಎಂಬ ಇನ್ನೊಂದು ಆಮ್ಲದಲ್ಲಿ ಗಂಧಕವಿದೆ. ಪಾದರಸಕ್ಕೂ ಗಂಧಕಕ್ಕೂ ಬಿಡದ ನಂಟು. ಪಾದರಸ ಬಂದು ಅಂಟಿಕೊಂಡರೆ, ಬೆಳಕಾಗಬೇಕಿದ್ದ ಶಕ್ತಿ ಬೇರೆ ದಾರಿ ಹಿಡಿದು ಬೆಳಕು ಮಂಕಾಗುತ್ತದೆ. ಎಷ್ಟು ಪಾದರಸಕ್ಕೆ ಎಷ್ಟು ಮಂಕು ಅಂತ ಮೊದಲೇ ಅಳೆದು ನಕ್ಷೆ ಬರೆದಿಟ್ಟರೆ, ನಮ್ಮ ನೀರಿನ ಲೆಕ್ಕ ಓದಬಹುದು.

ಆ ಒಂದು ರೂಪಾಯಿಗೆ ಇನ್ನೂ ಸೂಕ್ಷ್ಮ ಉಪಾಯ ಬೇಕು. ದನದ ರಕ್ತದ ಆಲ್ಬುಮಿನ್ ಪ್ರೋಟೀನಿನೊಳಗೆ ಸುಮಾರು 25 ಚಿನ್ನದ ಪರಮಾಣುಗಳ ಗೊಂಚಲನ್ನು ಬೆಳೆಸುತ್ತಾರೆ. ನೇರಳಾತೀತದಲ್ಲಿ ಅದು ಕೆಂಪಗೆ ಹೊಳೆಯುತ್ತದೆ. ಪಾದರಸ ಮಿತಿಗಿಂತ ಕಡಿಮೆ ಇದ್ದರೂ ಆ ಕೆಂಪು ಕುಗ್ಗುತ್ತದೆ ಎಂದು 2010ರಲ್ಲಿ ತೋರಿಸಿದರು.

ಆದರೂ ಇದು ಟ್ರಯಲ್ ಬ್ಯಾಲೆನ್ಸ್ ಇದ್ದ ಹಾಗೆ. ತಾಳೆಯಾಗದಿದ್ದರೆ ತಪ್ಪಿದೆ ಅಂತ ಗೊತ್ತಾಗುತ್ತೆ, ಎಲ್ಲಿ ಅಂತ ಅಲ್ಲ. ತಾಮ್ರವೂ ಬೆಳಕನ್ನು ಮಂಕು ಮಾಡಬಲ್ಲದು. ಸಂಶಯ ಬಂದ ನೀರನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಲೇಬೇಕು.

ತಡ ಮಾಡಿದರೆ ಏನಾಗುತ್ತೆ? ಜಪಾನಿನ ಮಿನಮಾಟಾದಲ್ಲಿ ಮೀನು ತಿಂದವರ ನರಗಳ ಕಾಯಿಲೆ ಬಯಲಾದದ್ದು 1956ರಲ್ಲಿ. ಕಾರ್ಖಾನೆ ಪಾದರಸ ಬಿಡೋದು ನಿಂತದ್ದು 1968ರಲ್ಲಿ. ನಡುವಿನ ಹನ್ನೆರಡು ವರ್ಷ ಜನ ಮೀನು ತಿನ್ನುತ್ತಲೇ ಇದ್ದರು.

ಇದನ್ನೆಲ್ಲ ಹೇಳಿದಾಗ ಅವ್ವ ಕೇಳಿದಳು: "ಹಂಗಾರ ಕುದಸೂದು ಬಿಡ್ಲೇನು?"

"ಬ್ಯಾಡವ್ವಾ, ಕುದಸು. ರೋಗಕ್ಕ ಅದು ಬೇಕು."

ಚಾಳಿನಲ್ಲಿ ಪಟ್ಟಿ ಎತ್ತುತ್ತಿದ್ದೇವೆ. ಒಂದು ಬಾಟಲಿ ನೀರಿನ ಪರೀಕ್ಷೆಯ ಖರ್ಚಿಗೆ ಇನ್ನು ಸ್ವಲ್ಪವೇ ಬಾಕಿ. ನಿಮ್ಮ ಕಟ್ಟಡದಲ್ಲೂ ಒಮ್ಮೆ ಕೇಳಿ ನೋಡಿ: ಈ ನೀರನ್ನು ಕೊನೆಗೆ ಪರೀಕ್ಷಿಸಿದ್ದು ಯಾವಾಗ?