ನೋವಿಲ್ಲದಾಗಲೇ ದವಾಖಾನೆಗೆ

ತೆಲುಗಿನಲ್ಲಿ 'ತೆಲ್ಲಬಟ್ಟ', ಕನ್ನಡದಲ್ಲಿ 'ಬಿಳಿ ಸೆರಗು'. ನಮ್ಮ ಧಾರೂರು ಕಡೆಯ ಹೆಣ್ಣುಮಕ್ಕಳು ಎರಡೂ ಅಂತಾರೆ. ಎರಡು ಭಾಷೆಯೂ ಆ ಸಂಕಟಕ್ಕೆ ಬಟ್ಟೆ ಹೊದಿಸಿಯೇ ಹೆಸರಿಟ್ಟಿವೆ. ಎರಡರಲ್ಲೂ ಪದ್ಯ ಬರೆಯುವ ನನಗೆ ಇದು ಹೊಳೆದದ್ದು ನಮ್ಮ ಅತ್ತಿಗೆ ತೀರಿಹೋದ ಮೇಲೆ.

ಮುಟ್ಟು ನಿಂತು ಆರು ವರ್ಷವಾಗಿದ್ದ ಆಕೆಗೆ ಮತ್ತೆ ರಕ್ತ ಕಾಣಿಸಿತ್ತು. ವಾಸನೆಯ ಬಿಳುಪೂ ಹೋಗುತ್ತಿತ್ತು. ಹೆಂಗಸರು ಮೆಲ್ಲಗೆ ನನ್ನ ಕಿವಿಗೆ ಹಾಕಿದರು. 'ತೊಗರಿ ರಾಶಿ ಮುಗೀಲಿ, ನೋಡೋಣಂತ' ಅಂದವನು ನಾನೇ. ರಾಶಿ ಮುಗಿಯಿತು, ಮಾಲು ತಾಂಡೂರಿಗೆ ಹೋಯಿತು, ಯುಗಾದಿಯೂ ಆಯಿತು. ಹೈದರಾಬಾದಿಗೆ ಒಯ್ದಾಗ ಗರ್ಭಕಂಠದ ಕ್ಯಾನ್ಸರ್ ಮೂತ್ರಕೋಶದ ತನಕ ಹಬ್ಬಿತ್ತು.

ಆಮೇಲೆ ಡಾಕ್ಟರರನ್ನು ಕೇಳಿ ತಿಳಿದುಕೊಂಡದ್ದು ಇಷ್ಟು. ಗರ್ಭಕಂಠ ಅಂದರೆ ಗರ್ಭಚೀಲದ ಬಾಯಿ. ಅಲ್ಲಿನ ಕ್ಯಾನ್ಸರಿಗೆ ಬಹುತೇಕ ಯಾವಾಗಲೂ ಎಚ್‌ಪಿವಿ ಎಂಬ ವೈರಸ್ಸೇ ಮೂಲ. ಅದು ಗಂಡುಹೆಣ್ಣಿನ ಕೂಡಿಕೆಯಿಂದ ದಾಟುತ್ತದೆ. ಆದರೆ ಬಹುಪಾಲು ಜನರಿಗೆ ಎಂದೋ ಬಂದು ತಾನೇ ಹೋಗಿರುತ್ತದೆ, ಆದ್ದರಿಂದ ಯಾರ ನಡತೆಯನ್ನೂ ಆಡಿಕೊಳ್ಳಬೇಕಾದ್ದಿಲ್ಲ. ಕೆಲವರಲ್ಲಿ ಮಾತ್ರ ಒಳಗೇ ಉಳಿಯುತ್ತದೆ. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15-20 ವರ್ಷ ಬೇಕು. ಅಷ್ಟು ದಿನವೂ ನೋವಿಲ್ಲ, ಬ್ಯಾನಿಲ್ಲ.

ಪರೀಕ್ಷೆ ಮಾಡಿಸಬೇಕಾದ್ದು ಆ ಸುಮ್ಮನಿರುವ ಕಾಲದಲ್ಲೇ. 30 ದಾಟಿದವರಿಗೆ ಗರ್ಭಕಂಠಕ್ಕೆ ತೆಳುವಾದ ಅಸೆಟಿಕ್ ಆಮ್ಲ, ಅಂದರೆ ವಿನೆಗರಿನಂಥದು, ಹಚ್ಚಿ ಒಂದು ನಿಮಿಷ ಕಾಯ್ದು ನೋಡುತ್ತಾರೆ. ಸಂಶಯದ ಜಾಗ ಬೆಳ್ಳಗಾಗುತ್ತದೆ. ತರಬೇತಾದ ನರ್ಸಮ್ಮನೇ ಇದನ್ನು ಮಾಡಬಲ್ಲಳು. ಬೆಳ್ಳಗಾದದ್ದೆಲ್ಲ ಕ್ಯಾನ್ಸರ್ ಅಲ್ಲ. ಕ್ಯಾನ್ಸರಿಗೆ ಮುಂಚಿನ ಹಂತವಿದ್ದರೆ ಆ ಜಾಗವನ್ನಷ್ಟೇ ಶಾಖದಿಂದಲೋ ಶೀತದಿಂದಲೋ ಸುಡುತ್ತಾರೆ, ಕಸ ಬೀಜ ಕಟ್ಟುವ ಮೊದಲೇ ಕಿತ್ತಂತೆ. ಬಿಳಿ ಸೆರಗು ಅಂದಾಕ್ಷಣ ಗರ್ಭಚೀಲ ತೆಗೆಸಲು ಓಡಬೇಕಿಲ್ಲ.

ಆಳಂದದ ಗಡಿಗೆ ಹತ್ತಿದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ 1.31 ಲಕ್ಷ ಹೆಂಗಸರನ್ನು ಎಂಟು ವರ್ಷ ಗಮನಿಸಿದ ವರದಿ 2009ರಲ್ಲಿ ಬಂತು. ಒಂದೇ ಸಲ ಎಚ್‌ಪಿವಿ ಪರೀಕ್ಷೆಗೆ ಕರೆದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. ಅವರೂ ನಮ್ಮಂಥ ಒಕ್ಕಲುತನದವರೇ.

ಕ್ಯಾನ್ಸರೇ ಆಗಿದ್ದರೂ ಬೇಗ ಸಿಕ್ಕರೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುವುದುಂಟು. ಬೆಳೆದಿದ್ದರೆ ವಿಕಿರಣ, ಜೊತೆಗೆ ಔಷಧಿ. ಹೈದರಾಬಾದಿನ ಎಂ.ಎನ್.ಜೆ., ಬೆಂಗಳೂರಿನ ಕಿದ್ವಾಯಿ ಸರ್ಕಾರದ ಕ್ಯಾನ್ಸರ್ ಆಸ್ಪತ್ರೆಗಳು. 9ರಿಂದ 14ರ ಹುಡುಗಿಯರಿಗೆ ಲಸಿಕೆಯಿದೆ. ನಮ್ಮ ದೇಶದಲ್ಲೇ ಮಾಡಿದ್ದಕ್ಕೆ 2022ರಲ್ಲಿ ಅನುಮತಿ ಸಿಕ್ಕಿತು. ಲಸಿಕೆ ಹಾಕಿಸಿಕೊಂಡವರೂ ಮುಂದೆ ಪರೀಕ್ಷೆ ಬಿಡಬಾರದು.

ರೈತರೇ, ವ್ಯಾಪಾರಿಗಳೇ, ಬಸ್ಸಿನ ರೊಕ್ಕ ನಮ್ಮ ಜೇಬಿನಲ್ಲಿರುತ್ತದೆ. ಅದಕ್ಕೇ ಗಂಡಸಾದ ನಾನು ಇದನ್ನು ಬರೆದೆ. ಈ ಸಲ ರಾಶಿಗೆ ಮೊದಲೇ ಹೆಂಡತಿಯನ್ನು ಹೊರಡಿಸಿದೆ. 'ನೊಪ್ಪಿ ಲೇದು ಕದಾ, ಎಂದುಕು?' ಅಂದಳು.

'ನೋವಿಲ್ಲ, ಅದಕ್ಕೇ' ಅಂದೆ.